ಗಗನಯಾತ್ರಿ ಬೆಳ್ಳಗಿರಬೇಕಂತೆ

ಮೂಡುಬಿದಿರೆಯಲ್ಲಿ ಮಗಳ ಕಾಲೇಜಿನ ನಾಟಕ. ವೇಷ ಹಾಕುವ ಕೋಣೆಗೆ ಕಾಲಿಟ್ಟದ್ದೇ ಬೆಳ್ಳಿ ಪೇಂಟಿನ ವಾಸನೆ ಮೂಗಿಗೆ ಬಡಿದು, ಹಳೆಯ ಸಿಟ್ಟು ಎದ್ದು ಕುಳಿತಿತು.

ಚಿಕ್ಕಂದಿನಲ್ಲಿ ಬೆಳ್ತಂಗಡಿಯ ನಮ್ಮ ಶಾಲೆಯ ನಾಟಕದಲ್ಲಿ, ಭೂಮಿಯನ್ನು ಉಳಿಸಲು ಒಬ್ಬಳೇ ಗ್ರಹದಿಂದ ಗ್ರಹಕ್ಕೆ ಹಾರುವ ಗಗನಯಾತ್ರಿ ನಾನು. ಅಮ್ಮ ರಟ್ಟಿನ ಹೆಲ್ಮೆಟ್ ಮಾಡಿ, ಬೆಳ್ಳಿ ಪೇಂಟು ಬಳಿದು, ಒಣಗಿತೋ ಎಂದು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ್ದಳು. ನಾಟಕದ ದಿನ ಮಾಸ್ಟ್ರು ಅದನ್ನು ನನ್ನ ತಲೆಯಿಂದ ತೆಗೆದು ನನ್ನ ಕ್ಲಾಸಿನ ಬೆಳ್ಳಗಿನ ಹುಡುಗಿ ಸುಜಾತಳ ತಲೆಗಿಟ್ಟರು.

“ನೀನು ಕಪ್ಪು ಮಾರಾಯ್ತಿ, ಲೈಟಿಗೆ ಮುಖ ಕಾಣುವುದಿಲ್ಲ. ಪರದೆಯ ಹಿಂದೆ ನಿಂತು ಮಾತು ಹೇಳು.”

ಸುಜಾತ ಪಾಪ, ಹೆದರಿ ಬಾಯಿ ಮಾತ್ರ ಆಡಿಸಿದಳು. ಮಾತೆಲ್ಲ ನನ್ನದು, ಚಪ್ಪಾಳೆ ಅವಳಿಗೆ. ನಾಟಕ ಮುಗಿದದ್ದೇ ಅಮ್ಮ ಮಾಸ್ಟ್ರ ಎದುರು ಹೋಗಿ ನಿಂತಳು.

“ಕಪ್ಪು ಮಕ್ಕಳು ಚಂದ್ರನಿಗೆ ಹೋಗಬಾರದು ಅಂತ ಯಾವ ಪುಸ್ತಕದಲ್ಲಿ ಉಂಟು ಮಾಸ್ಟ್ರೇ?”

ಅವರು ನಕ್ಕುಬಿಟ್ಟರು. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಇವತ್ತು ನನ್ನ ಮಗಳೇ ಗಗನಯಾತ್ರಿ. ನನ್ನದೇ ಬಣ್ಣದ ಅವಳ ಮುಖಕ್ಕೆ ಮೇಕಪ್ಪಿನವರು ಬಿಳಿ ಪೌಡರ್ ಮೆತ್ತುತ್ತಿದ್ದರು.

“ಒರೆಸಿ ಅದನ್ನು” ಎಂದೆ.

“ಲೈಟಿಗೆ ಕಾಣುವುದಿಲ್ಲ ಅಕ್ಕಾ.”

“ಹಾಗಾದರೆ ಲೈಟ್ ಸರಿ ಮಾಡಿ!”

ಕೋಣೆಯಲ್ಲಿ ಯಾರೂ ನಗಲಿಲ್ಲ.