ಹೆಸರೆತ್ತಬಾರದ ಓಣಿ

ಪುಟ್ಟಲಕ್ಷ್ಮಮ್ಮನ ಬಾಯಿಗೆ ಅಗುಳಿ ಇಲ್ಲ ಎಂದು ಜಾಲಿದೊಡ್ಡಿಯವರು ಹೇಳುತ್ತಿದ್ದರು. ಮಗು ಹುಟ್ಟಿದ ಮನೆಗೆ ಹೋದರೆ ತೊಟ್ಟಿಲಿಗೆ ಬಗ್ಗಿ ನೋಡಿ, "ಚೆಂದಾಗೈತೆ ಕಣವ್ವಾ, ಉಳ್ಕಂಡ್ರೆ ಒಳ್ಳೆ ಆಳಾಯ್ತದೆ" ಎನ್ನುವವಳು. ಹೊಸ ಟ್ರ್ಯಾಕ್ಟರಿಗೆ ನಿಂಬೆಹಣ್ಣು ಕಟ್ಟಿ ಪೂಜೆ ಮಾಡುತ್ತಿದ್ದರೆ, "ಇದು ಮಗುಚ್ಕಂಡ್ರೆ ಯಾವ ಕಡೀಕೆ ಬೀಳ್ತದ್ಲಾ?" ಎಂದು ಕೇಳುವವಳು. ಹಾಗಾಗಿ ಮದುವೆಗೆ ಕರೆದರೂ ಧಾರೆಯ ಹೊತ್ತಿಗೆ ಏನಾದರೊಂದು ನೆಪ ಹೇಳಿ ಅವಳನ್ನು ಅಡುಗೆಯವರ ಕಡೆ ಸಾಗಹಾಕುತ್ತಿದ್ದರು. ಆದರೆ ಯಾರ ಮನೆಯಲ್ಲಾದರೂ ಉಸಿರು ನಿಂತಿತೋ, ಮೊದಲು ತಟ್ಟುತ್ತಿದ್ದುದು ಅವಳ ಬಾಗಿಲನ್ನೇ. ಅಳುವವರನ್ನು ಹಿಡಿದು ಕೂರಿಸಲು, ಬಂದವರಿಗೆ ಕಾಫಿ ಕಾಯಿಸಲು, ಯಾರಿಗೆ ಫೋನು ಹೋಗಿಲ್ಲ ಎಂದು ನೆನಪಿಸಲು ಅವಳೇ ಬೇಕು. ಸಾವನ್ನು ಸಾವು ಎಂದು ಕರೆಯುವ ಒಂದು ಬಾಯಾದರೂ ಆ ಹೊತ್ತಿಗೆ ಬೇಕಲ್ಲ.

ಎದುರು ಮನೆಯ ನಂಜಪ್ಪನ ತಾಯಿ ತೀರಿಕೊಂಡಾಗಲೂ ಹಾಗೇ ಆಗಿತ್ತು. ನಂಜಪ್ಪನದು ರೇಷ್ಮೆ ಬೆಳೆಯುವ ಶಿವಭಕ್ತರ ಮನೆ. ಅವಳದು ಕುರಿ ಸಾಕುವ ಮನೆ. ಜಾತಿ ಬೇರೆ, ಕರೆಯುವುದು ಮಾತ್ರ ಅಕ್ಕ, ತಮ್ಮ. ಕಂಬ ಹಿಡಿದು ನಿಂತುಬಿಟ್ಟಿದ್ದ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ನಿಂತ್ರೆ ಎದ್ದು ಬಂದಾಳೇನ್ಲಾ ನಿಮ್ಮವ್ವ? ಓಗು, ಗುಣಿ ತೋಡೋರ್ಗೆ ಯೋಳು" ಎಂದು ಅಟ್ಟಿದ್ದಳು. ಆ ಗುದ್ದು ಬೀಳುವವರೆಗೆ ನಂಜಪ್ಪನಿಗೆ ಅಳು ಬಂದಿರಲಿಲ್ಲ.

ಅವನ ತಾಯಿಯನ್ನು ಸಾಗಿಸಿದ್ದು ಪುಟ್ಟಲಕ್ಷ್ಮಮ್ಮನ ಮನೆಯ ಬಲಕ್ಕೆ ಶುರುವಾಗುವ ಓಣಿಯಲ್ಲೇ. ಎರಡೂ ಬದಿ ಕತ್ತಾಳೆ ಬೇಲಿ, ನಡುವೆ ಗಾಡಿಯ ಚಕ್ರ ಕೊರೆದ ಎರಡು ಗೆರೆ. ದಿನಾ ಬೆಳಿಗ್ಗೆ ಕುರಿ ಹೋಗುತ್ತಿದ್ದುದು, ಹಿಪ್ಪುನೇರಳೆ ಸೊಪ್ಪಿನ ಹೊರೆ ಬರುತ್ತಿದ್ದುದು ಅದರಲ್ಲೇ. ಕೊನೆಗೆ ಕೆರೆಯ ಪಕ್ಕದ ಹೊಂಗೆಮರಗಳ ಸ್ಮಶಾನಕ್ಕೆ ಹೋಗಿ ಮುಟ್ಟುತ್ತಿತ್ತು. ಹಾಗಾಗಿ ಅದಕ್ಕೆ ಹೆಣದೋಣಿ ಎಂದು ಹೆಸರು. ಹೆಸರಿತ್ತೇ ಹೊರತು ಕರೆಯುವವರಿರಲಿಲ್ಲ. ಬೆಳಗಾಗೆದ್ದು ಅಂಥ ಮಾತು ಯಾರು ಆಡುತ್ತಾರೆ? "ಆ ಕಡೆ" ಎಂದರೆ ಸಾಕಿತ್ತು. ಬಾಯಿ ತುಂಬ ಹೆಣದೋಣಿ ಎನ್ನುತ್ತಿದ್ದವಳು ಪುಟ್ಟಲಕ್ಷ್ಮಮ್ಮ ಒಬ್ಬಳೇ.

ಊರಿಗೂ ಕೆರೆಗೂ ನಡುವಿನ ಜಮೀನಿಗೆ ಲೇಔಟು ಬಂತು. ರಾಮನಗರದಿಂದ ಕನಕಪುರದ ಕಡೆ ಹೋಗುವ ಟಾರು ರಸ್ತೆ ಪಕ್ಕದಲ್ಲೇ ಇತ್ತು. ಅದಕ್ಕಿಂತ ಬೇರೆ ಯೋಗ್ಯತೆ ಬೇಕೇ? ನಂಜಪ್ಪ ತನ್ನ ಸೊಪ್ಪಿನ ತೋಟದಲ್ಲಿ ಅರ್ಧ ಕೊಟ್ಟ, ಇನ್ನರ್ಧ ಎರಡನೇ ಹಂತಕ್ಕೆ ಎಂದು ಮಾತಾಗಿತ್ತು. ಕೊಟ್ಟವನು ಅವನೊಬ್ಬನೇ ಅಲ್ಲ, ಅದಕ್ಕಾಗಿ ಅವನನ್ನು ದೂರುವುದೂ ಬೇಡ. ದೂರಬೇಕಾದ್ದು ಭೂಮಿಪೂಜೆಯ ದಿನ ನಡೆದದ್ದನ್ನು.

ಅವತ್ತು ಶಾಮಿಯಾನ ಹಾಕಿ, ಬಾಳೆಕಂದು ಕಟ್ಟಿ, ಜಮೀನು ಕೊಟ್ಟವರಿಗೆಲ್ಲ ಶಾಲು ಹೊದಿಸಿದರು. ಪ್ಲಾನು ಪಾಸು ಮಾಡುವ ರಾಮನಗರದ ಕಚೇರಿಯಿಂದ ಸ್ಥಳ ತನಿಖೆಗೆಂದು ಚೈತನ್ಯ ಎಂಬ ಅಧಿಕಾರಿ ಬಂದದ್ದೂ ಅವತ್ತೇ. ಯಾವ ಜಾಗ ತನಿಖೆ ಮಾಡಬೇಕೋ ಆ ಜಾಗದ ಪೂಜೆಗೇ ಬಂದು, ಅವರದೇ ಶಾಮಿಯಾನದ ಕೆಳಗೆ ಕೂತು, ಅವರದೇ ಎಲೆಯಲ್ಲಿ ಉಣ್ಣುವುದಕ್ಕೆ ತನಿಖೆ ಎಂದು ಹೆಸರು! ಕೈಯಲ್ಲಿ ಹಳೇ ಊರ ನಕ್ಷೆ ಇತ್ತು. ಅದರಲ್ಲಿ ಚುಕ್ಕಿ ಚುಕ್ಕಿಯ ಎರಡು ಗೆರೆ ಕಂಡು ಆತ ಕೇಳಿದ:

"ಯಜಮಾನರೇ, ಇಲ್ಲಿ ಊರವರು ಓಡಾಡುವ ದಾರಿ ಏನಾದರೂ ಇದೆಯಾ? ಏನಂತ ಕರೀತೀರಿ?"

ನಂಜಪ್ಪನ ಹೆಗಲ ಮೇಲೆ ಶಾಲು, ಕೈಯಲ್ಲಿ ಆಗಷ್ಟೇ ಕೊಟ್ಟ ತೆಂಗಿನಕಾಯಿ. ಎದುರಿಗೆ ಅರಿಸಿನ ಕುಂಕುಮದ ತಟ್ಟೆ ಹಿಡಿದ ಹೆಂಗಸರು. ಇಂಥ ಹೊತ್ತಿನಲ್ಲಿ ಹೆಣ ಎಂಬ ಮಾತನ್ನು ಯಾವ ನಾಲಗೆಯಲ್ಲಿ ಆಡುವುದು?

"ಏನೂ ಇಲ್ಲ ಬುಡಿ ಸ್ವಾಮಿ" ಎಂದ.

"ಯಾಕಿಲ್ಲ?" ಶಾಮಿಯಾನದ ಹಿಂದಿನಿಂದ ದನಿ ಬಂತು. "ಎಣದೋಣಿ ಐತಲ್ಲ! ಎಣದೋಣಿ!"

ಹೆಂಗಸರು ಅರಿಸಿನದ ತಟ್ಟೆಯನ್ನು ಸೆರಗಿನಿಂದ ಮುಚ್ಚಿಕೊಂಡರು. ಪುರೋಹಿತರು ಗಂಟೆಯನ್ನು ಜೋರಾಗಿ ಬಾರಿಸಿದರು. ಪುಟ್ಟಲಕ್ಷ್ಮಮ್ಮನ ಗಂಡ ಪುಟ್ಟಲಿಂಗಯ್ಯನೇ ಅವಳ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದ. "ಯಾರದು?" ಎಂದ ಅಧಿಕಾರಿಗೆ ಲೇಔಟಿನ ಮ್ಯಾನೇಜರ್ ರುದ್ರಪ್ರಸಾದ್, "ಒಸಿ ಹಂಗೇ ಸಾರ್, ಪಾಪ" ಎಂದು ಹಣೆಯ ಹತ್ತಿರ ಬೆರಳು ತಿರುಗಿಸಿದ. ಶಾಮಿಯಾನದಿಂದ ನಾಲ್ಕು ಹೆಜ್ಜೆ ಇಟ್ಟಿದ್ದರೆ ಓಣಿ ಕಾಲಿಗೇ ಸಿಗುತ್ತಿತ್ತು. ಆದರೆ ಎಲೆ ಹಾಕಿಯಾಗಿತ್ತು, ಪಾಯಸ ಆರುತ್ತಿತ್ತು.

ಲೇಔಟಿನ ರಸ್ತೆಗಳು ಬಲು ಚೆನ್ನಾಗಿ ಎದ್ದವು, ಸುಳ್ಳು ಹೇಳಬಾರದು. ನಲವತ್ತಡಿಯ ದೊಡ್ಡ ರಸ್ತೆ, ಮೂವತ್ತಡಿಯ ಅಡ್ಡರಸ್ತೆ, ಮಳೆನೀರಿಗೆ ಮುಚ್ಚಿದ ಚರಂಡಿ. ನಂಜಪ್ಪನನ್ನು ಕರೆದುಕೊಂಡು ಹೋಗಿ ರುದ್ರಪ್ರಸಾದ್ ಹೆಮ್ಮೆಯಿಂದ ತೋರಿಸಿದ. "ನೋಡಿ ಯಜಮಾನ್ರೇ, ಮೂಲೆ ಎಲ್ಲಾ ಗುಂಡಗೆ ಮಾಡಿಸಿದ್ದೀವಿ. ಸ್ಕೂಲ್ ಬಸ್ಸು ಒಂದೇ ಸಲಕ್ಕೆ ತಿರುಗಬೇಕು. ಫೈರ್ ಎಂಜಿನ್ ಬಂದ್ರೂ ರಿವರ್ಸ್ ಹಾಕೋ ಹಂಗಿಲ್ಲ. ಎಲ್ಲಾ ಸ್ಟ್ಯಾಂಡರ್ಡ್ ಪ್ರಕಾರ."

ಕುರಿ ಹೊಡೆದುಕೊಂಡು ಹಿಂದೆಯೇ ಬರುತ್ತಿದ್ದ ಪುಟ್ಟಲಕ್ಷ್ಮಮ್ಮ ನಿಂತಳು. "ನಾಕ್ ಜನ ಚಟ್ಟ ಹೊತ್ಕಂಡು ತಿರುಗಕ್ಕೆ ಏಟು ಬೇಕು ಅಂತವ ಬರ್ದವ್ರಾ ಅದ್ರಾಗೆ?"

ರುದ್ರಪ್ರಸಾದ್ ನಕ್ಕ. ಮಾರನೇ ವಾರ ಊರ ಕಡೆಗೆ ಗೋಡೆ ಎದ್ದಿತು. ಸರಿಯಾಗಿ ಓಣಿಯ ಬಾಯಿಗೆ, ಆಳೆತ್ತರದ ಸಿಮೆಂಟ್ ಬ್ಲಾಕಿನ ಗೋಡೆ. ಕೆರೆಯ ಕಡೆಗೋ, ಬರೀ ತಂತಿಬೇಲಿ. ಅಲ್ಲಿ ಗೋಡೆ ಹಾಕಿದರೆ ಸೈಟು ಕೊಳ್ಳುವವರಿಗೆ ಕೆರೆ ಕಾಣಿಸುವುದಿಲ್ಲವಂತೆ. ಸ್ಮಶಾನದ ಹೊಂಗೆಮರಗಳು ಅವರ ಬಣ್ಣದ ಬೋರ್ಡಿನಲ್ಲಿ ತೋಪಾಗಿದ್ದವು, ಹೆಣದೋಣಿ ನಲವತ್ತಡಿ ರಸ್ತೆಯಾಗಿತ್ತು. ಅದೇ ನೆಲ, ಅದೇ ನೇರ, ಮೇಲೆ ಟಾರು ಬಂದಿತ್ತು ಅಷ್ಟೇ. ಸತ್ತವರ ನೆರಳನ್ನು ಮಾರಬಹುದು, ಅಲ್ಲಿಗೆ ಹೋಗುವವರ ಮುಖ ಮಾತ್ರ ಯಾರ ಕಣ್ಣಿಗೂ ಬೀಳಬಾರದು! ಊರವರು ಇನ್ನು ಮೇಲೆ ಕನಕಪುರದ ರಸ್ತೆಗೆ ಹೋಗಿ, ಲೇಔಟನ್ನು ಸುತ್ತು ಹಾಕಿಕೊಂಡು, ಕೆರೆ ಏರಿ ಹತ್ತಿ ಬರಬೇಕು.

ಗೋಡೆ ಎದ್ದ ಮೇಲೆ ಊರಿನಲ್ಲಿ ಮೊದಲು ಸತ್ತವನು ಪುಟ್ಟಲಿಂಗಯ್ಯ. ಬಸ್ಸು ಹತ್ತಿದರೆ ವಾಂತಿ ಮಾಡಿಕೊಳ್ಳುವ ಮನುಷ್ಯ. ದೊಡ್ಡಆಲಹಳ್ಳಿಯ ಮಾವನ ಮನೆಗೂ ಕುರಿ ಮೇಯಿಸುತ್ತಾ ನಡೆದೇ ಹೋಗಿ ಬರುತ್ತಿದ್ದವನು. ಅವನ ಚಟ್ಟವನ್ನು ಮಗ ಸಿದ್ದರಾಮು ಸೊಪ್ಪು ಸಾಗಿಸುವ ತನ್ನ ಟೆಂಪೋಗೇ ಏರಿಸಿದ. ಬೇರೆ ದಾರಿ ಏನಿತ್ತು? ಕ್ರಷರಿನ ಟಿಪ್ಪರುಗಳು ಮೈಮೇಲೆ ಬರುವ ರಸ್ತೆ, ಪಕ್ಕಕ್ಕೆ ಕಾಲಿಡಲು ಗೇಣು ಮಣ್ಣಿಲ್ಲ. ಹೊತ್ತು ನಡೆದರೆ ಒಂದು ಹೆಣಕ್ಕೆ ಎರಡಾಗುತ್ತಿತ್ತು. ತಮಟೆಯವರೂ ಟೆಂಪೋ ಹತ್ತಿ, ತಮಟೆಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತರು. ಹಿಂದೆ ಬಂದ ಟಿಪ್ಪರಿನವನು ಹಾರ್ನು ಒತ್ತಿ ಹಿಡಿದು, "ಸೈಡಿಗೆ ಹಾಕಯ್ಯೋ, ಯಾವನ್ ಸತ್ತವ್ನೆ ಅಂತ ಹಿಂಗೆ ಓಡುಸ್ತೀಯ?" ಎಂದು ಕೂಗಿದ. ಪುಟ್ಟಲಕ್ಷ್ಮಮ್ಮ ಗಂಡನ ಕಾಲು ಜಾರದ ಹಾಗೆ ಹಿಡಿದುಕೊಂಡು, "ಬದ್ಕಿರೋಗಂಟ ನಡೆಸ್ದೆ, ಸತ್ ಮ್ಯಾಲೆ ಟೆಂಪೋ ಅತ್ತುಸ್ಬುಟ್ನಲ್ಲೋ ನಿನ್ನ" ಎಂದಳು.

ತಿಥಿ ಮುಗಿದ ಮಾರನೇ ದಿನ ನಂಜಪ್ಪನ ಜಗುಲಿಗೆ ಬಂದಳು. "ಏಳ್ಲಾ, ಷರಟು ಆಕ್ಕ. ರಾಮನಗರಕ್ಕೆ ಓಗವ. ಅವತ್ತು ಇಲ್ಲ ಅಂದೋನು ನೀನು. ಇವತ್ತು ಐತೆ ಅನ್ನು, ಸಾಕು."

ನಂಜಪ್ಪ ಹೋದ. ಕಚೇರಿಯ ಬಾಗಿಲಲ್ಲೇ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟವನೊಬ್ಬ ಸಿಕ್ಕಿದ. ಕಚೇರಿಯವನೇ ಇರಬೇಕೆಂದುಕೊಂಡು ಅವಳು ಅವನ ಜನ್ಮ ಜಾಲಾಡಿಬಿಟ್ಟಳು. ಎಲ್ಲ ಕೇಳಿಸಿಕೊಂಡು ಅವನು, "ಅಮ್ಮಾ, ನಾನು ಗಫಾರ್ ಅಂತ. ನಮ್ ಮನೆ ಮುಂದಿನ ರಸ್ತೇನೂ ಹೋಗೈತೆ, ಅದಕ್ಕೇ ಬಂದಿವ್ನಿ" ಎಂದ. "ಅಯ್ಯೋ ನನ್ನಪ್ಪ, ಒಳಗಿರೋರ್ಗೆ ಇನ್ನೊಂದ್ ಕಿತ ಬೈತೀನಿ, ಬಾ ನಂಜೊತೆ" ಎಂದಳು.

ಒಳಗೆ ಅದೇ ಅಧಿಕಾರಿ ಚೈತನ್ಯ ಕುರ್ಚಿ ಕೊಟ್ಟು ಕೂರಿಸಿದ. ಮಾತಿನಲ್ಲಿ ಕೊರತೆ ಇಲ್ಲದ ಮನುಷ್ಯ.

"ಏನಜ್ಜೀ, ಯಾವ ದಾರಿ?"

"ಎಣದೋಣಿ ಸ್ವಾಮಿ."

"ದೋಣಿ? ಕೆರೆಯಲ್ಲಿ ದೋಣಿ ಬಿಡ್ತೀರಾ?"

"ದೋಣಿ ಅಲ್ಲ ಸ್ವಾಮಿ, ಓಣಿ! ಎಣದ ಓಣಿ! ಎಣ! ನಿಮ್ಮನೇಲಿ ಯಾರೂ ಸಾಯಕ್ಕಿಲ್ವಾ?"

ಪಕ್ಕದ ಮೇಜಿನವರು ನಕ್ಕರು. ಆತನ ಮುಖ ಕೆಂಪಾಯಿತು. "ಹೊಸ ಬಡಾವಣೆಯ ರಸ್ತೆ ಅಕ್ಕಪಕ್ಕದ ದಾರಿಗೆ ಕೂಡಿಕೊಳ್ಳಲೇಬೇಕು ಅಂತ ನಿಯಮ ಇದೆ, ಅಜ್ಜಿ. ನಾನು ಇಲ್ಲ ಅನ್ನಲ್ಲ. ಆದರೆ ಕೂಡಿಕೊಳ್ಳೋಕೆ ಆ ಕಡೆ ದಾರಿ ಇರಬೇಕಲ್ಲ? ಬಳಕೆಯಲ್ಲಿ ದಾರಿ ಇಲ್ಲ ಅಂತ ನಿಮ್ಮ ಊರಿನವರೇ ಹೇಳಿದ್ದಾರೆ. ಇವರೇ ಅಲ್ವೇ?"

ನಂಜಪ್ಪನ ಕಡೆಗೆ ಎಲ್ಲರೂ ತಿರುಗಿದರು. ಇಲ್ಲಿ ಕುಂಕುಮದ ತಟ್ಟೆ ಇರಲಿಲ್ಲ, ಗಂಟೆ ಇರಲಿಲ್ಲ. ಆಡಬಾರದ ಹೊತ್ತೂ ಅಲ್ಲ. ಆದರೆ ಉಳಿದರ್ಧ ತೋಟದ ಮಾತು ರುದ್ರಪ್ರಸಾದನ ಹತ್ತಿರ ಇನ್ನೂ ನಡೆಯುತ್ತಿತ್ತು. ನಂಜಪ್ಪ ಟವೆಲ್ಲಿನಿಂದ ಕತ್ತು ಒರೆಸಿಕೊಂಡ.

"ನಂಗೆ ಸರ್ಯಾಗಿ ಗ್ಯಾಪ್ಕ ಇಲ್ಲ ಸ್ವಾಮಿ" ಎಂದ.

ಪುಟ್ಟಲಕ್ಷ್ಮಮ್ಮ ಎದ್ದಳು. ಬಾಯಿಗೆ ಅಗುಳಿ ಇಲ್ಲದವಳು ಅವತ್ತು ಬಸ್ಸಿನಲ್ಲಿ ಕೈಲಾಂಚದ ಸ್ಟಾಪು ದಾಟುವವರೆಗೂ ಮಾತಾಡಲಿಲ್ಲ. ನಂಜಪ್ಪನೇ ತಡೆಯಲಾರದೆ, "ಅಕ್ಕಾ, ಪೂಜೆ ದಿನ ಎಂಗೆ ಅನ್ನಾದು, ನೀನೇ ಯೋಳು?" ಎಂದ.

"ಪೂಜೆ ದಿನ ಬುಡ್ಲಾ. ಇವತ್ತೇನು ಒಳ್ಳೆ ದಿನ ಇತ್ತು?" ಎಂದಳು. ಆಮೇಲೆ, "ನಿಮ್ಮವ್ವ ಓಗಿದ್ದು ಅದ್ರಲ್ಲೇ ಕಣ್ಲಾ" ಎಂದು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಅಲ್ಲಿಂದ ಮುಂದೆ ಅವಳಿಗೆ ಗೋಡೆಯೇ ಕೆಲಸವಾಯಿತು. ಬೆಳಿಗ್ಗೆ ಕುರಿಗಳನ್ನು ಗೋಡೆಯವರೆಗೆ ಹೊಡೆದುಕೊಂಡು ಹೋಗಿ, ಅದಕ್ಕೆ ಬೈದು, ಆಮೇಲೆ ಸುತ್ತಿನ ದಾರಿ ಹಿಡಿಯುವಳು. ಆ ಸುತ್ತಿನಲ್ಲಿ ಟಿಪ್ಪರಿಗೆ ಸಿಕ್ಕಿ ಎರಡು ಮರಿ ಹೋದವು. ಕುರಿಗಳು ತಂತಿಬೇಲಿ ನುಸುಳಿ ಲೇಔಟಿನ ಕ್ರೋಟನ್ ಗಿಡ ಬೋಳಿಸಿದವೆಂದು ರುದ್ರಪ್ರಸಾದ್ ಜಗಳಕ್ಕೆ ಬಂದರೆ, "ಓಣೀಲಿ ಬೆಳ್ದದ್ದು ಕುರೀಗೇ ಕಣಪ್ಪ, ನಿಂಗೂ ಬೇಕಾದ್ರೆ ಒಸಿ ಮೇಯಿ" ಎಂದಳು. ಸೊಸೆ ಅನುಷಾ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಎದುರು ಜಗುಲಿಯಲ್ಲಿ ಕೂತ ನಂಜಪ್ಪನಿಗೆ ನಗು ಬರಲಿಲ್ಲ. ಅವನಿಗೆ ಕೇಳುವಂತೆಯೇ ಅವಳು ದನಿ ಎತ್ತರಿಸುತ್ತಿದ್ದಳು: "ಅನುಷಾ, ನಾನ್ ಸತ್ರೆ ನಡೆಸ್ಕಂಡೇ ಕಳ್ಸಿ ಕಣವ್ವ. ಗಾಡಿಗೇನಾರ ಆಕುದ್ರೋ, ಚಟ್ಟದ್ ಮ್ಯಾಲಿಂದ ಎದ್ದು ವಾಪಸ್ ಬಂದ್ಬುಡ್ತೀನಿ!"

ಶ್ರಾವಣದ ಒಂದು ಬೆಳಿಗ್ಗೆ ರಾಗಿ ರೊಟ್ಟಿ ತಿಂದು, ಕೈ ತೊಳೆದು, ಮನೆಯ ಗೋಡೆಗೆ ಒರಗಿ ಕೂತವಳು ಹಾಗೇ ಹೋಗಿಬಿಟ್ಟಳು. ಊರು ಅವಳ ಬಾಗಿಲಿಗೆ ಓಡಿಬಂದು, ಏನು ಮಾಡುವುದೆಂದು ತಿಳಿಯದೆ ನಿಂತಿತು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಹೇಳುತ್ತಿದ್ದವಳೇ ಮಲಗಿದ್ದಳು.

ಗುಣಿ ತೋಡುವವರು ಹಾರೆ ಗುದ್ದಲಿ ಹೊತ್ತು ಕೆರೆ ಏರಿ ಸುತ್ತಿಕೊಂಡು ಆಗಲೇ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ನೀರು ಹಾಕಿ, ಹೂ ಮುಡಿಸಿ, ಚಟ್ಟ ಕಟ್ಟಿಯಾಯಿತು. ಅಷ್ಟರಲ್ಲಿ ಬೀದಿಗೆ ಒಂದು ಬಿಳಿ ವ್ಯಾನು ಬಂದು ನಿಂತಿತು. ರುದ್ರಪ್ರಸಾದ್ ಇಳಿದು ಕೈ ಮುಗಿದ. "ಅಜ್ಜಿಗೆ ನಮ್ಮ ಲೇಔಟ್ ಕಡೆಯಿಂದ ಫ್ರೀ ಗಾಡಿ, ಯಜಮಾನ್ರೇ. ಇನ್ನು ಮೇಲೆ ಊರಲ್ಲಿ ಯಾರು ಹೋದ್ರೂ ಫ್ರೀ. ನೀವೇ ಮುಂದೆ ನಿಂತು ಹತ್ತಿಸಿಬಿಡಿ."

ಸಿದ್ದರಾಮು ನಂಜಪ್ಪನ ಮುಖ ನೋಡಿದ. ನಂಜಪ್ಪ ವ್ಯಾನನ್ನು ನೋಡಿದ. ಅದರ ಮೈತುಂಬ ಲೇಔಟಿನ ಹೆಸರು, ಕೆಳಗೆ ಫೋನ್ ನಂಬರು, ನಡುವೆ ದಪ್ಪಕ್ಷರದಲ್ಲಿ "ನೆಮ್ಮದಿಯ ಬದುಕಿಗೆ ನಾವೇ ದಾರಿ" ಎಂದು ಬರೆದಿತ್ತು.

ಅವನು ಅದನ್ನು ಎರಡು ಸಲ ಓದಿದ. ಇವರ ಅಂಗಡಿಯ ಬೋರ್ಡಿನೊಳಗೆ ಅಕ್ಕನನ್ನು ಮಲಗಿಸಿ, ಟಿಪ್ಪರುಗಳ ನಡುವೆ ಮೆರವಣಿಗೆ ಮಾಡಿಸಬೇಕು! ದಾರಿಯನ್ನು ತಾವೇ ಕಿತ್ತುಕೊಂಡು, ದಾರಿ ತಾವೇ ಎಂದು ಬರೆಸಿಕೊಂಡಿದ್ದಾರೆ. ಬರೆಸಿಕೊಳ್ಳಲು ಬಿಟ್ಟವನು ಯಾರು?

ಜೇಬಿನಿಂದ ಫೋನು ತೆಗೆದ. "ಗುಣಿ ಆಯ್ತೇನ್ರಲಾ? ಆಗಿದ್ರೆ ಹಾರೆ ತಕ್ಕಂಡು ತಂತಿ ದಾಟಿ, ಅವರ ದೊಡ್ಡ ರಸ್ತೇಲಿ ನೆಟ್ಟಗೆ ಊರ ಕಡೀಕೆ ಬನ್ನಿ. ಗೋಡೆ ಸಿಕ್ಕೋಗಂಟ ಬನ್ನಿ. ಸಿಕ್ಕುದ್ ಮ್ಯಾಲೆ ನಾನು ಯೋಳಾದು ಬ್ಯಾಡ."

"ಯಜಮಾನ್ರೇ, ಏನಿದು?" ರುದ್ರಪ್ರಸಾದನ ಕೈ ಇನ್ನೂ ಮುಗಿದಂತೆಯೇ ಇತ್ತು. "ನಿಮ್ಮ ಸೆಕೆಂಡ್ ಫೇಸ್ ಮಾತು ಮುಂದಿನ ವಾರ ಅಲ್ವಾ..."

"ಆ ತ್ವಾಟ ನಂಗೇ ಇರ್ಲಿ. ಗಾಡಿ ತೆಗಿಯಪ್ಪ, ಅಡ್ಡ ಐತೆ."

ವ್ಯಾನು ಹಿಂದಕ್ಕೆ ಹೋಯಿತು. ಹಳ್ಳಿಯ ಬೀದಿಗೆ ಗುಂಡಗಿನ ಮೂಲೆಗಳಿರಲಿಲ್ಲವಾಗಿ ಮೂರು ಸಲ ಹಿಂದೆ ಮುಂದೆ ಮಾಡಬೇಕಾಯಿತು. ಎಲ್ಲರೂ ನೋಡುತ್ತಾ ನಿಂತರು.

ಅನುಷಾ ಹೊಸಿಲಿಗೆ ನೀರು ಚಿಮುಕಿಸಿದಳು. ಸಿದ್ದರಾಮು ಮುಂದಿನ ಬಲಗಡೆ ಹೆಗಲು ಕೊಟ್ಟ, ಎಡಗಡೆಗೆ ನಂಜಪ್ಪ ಬಂದು ನಿಂತ. ಜಾತಿ ಬೇರೆಯಲ್ಲವೇ ಎಂದು ಯಾರೋ ಗೊಣಗಿದ್ದು ಅವನ ಕಿವಿಗೆ ಬೀಳಲಿಲ್ಲ. ಚಟ್ಟ ಮೇಲೆದ್ದಿತು. ತಮಟೆಯವರು ಎಡಕ್ಕೆ, ಟಾರು ರಸ್ತೆಯ ಕಡೆಗೆ ಹೆಜ್ಜೆ ಎತ್ತಿದ್ದರು.

"ಆ ಕಡೆ ಅಲ್ಲ ಕಣ್ರಲಾ" ಎಂದು ನಂಜಪ್ಪ ಇಡೀ ಬೀದಿಗೆ ಕೇಳುವಂತೆ ಕೂಗಿದ. "ಎಣದೋಣಿಗೆ! ಎಣದೋಣಿಗೆ ತಿರುಗ್ಸಿ!"

ತಮಟೆ ಬಲಕ್ಕೆ ತಿರುಗಿತು. ಗೋಡೆಯ ಆಚೆಯಿಂದ ಹಾರೆಯ ಮೊದಲ ಪೆಟ್ಟು ಕೇಳಿಸಿತು. ಪುಟ್ಟಲಕ್ಷ್ಮಮ್ಮ ನಾಲ್ವರ ಹೆಗಲ ಮೇಲೆ ಹೊಸಿಲು ದಾಟಿ ಬೀದಿಗೆ ಬಂದಳು.