ಅಕ್ಕನ ಸಮಾಧಿ ನೋಡಲು ಸಿಲೋನಿಗೆ

ನಮ್ಮ ಕ್ರೈಸ್ತ ಸಭೆಯಿಂದ ಮೂವರು ಸಿಲೋನಿಗೆ ಹೊರಟದ್ದು ಅಲ್ಲಿನ ಬ್ಯಾಪ್ಟಿಸ್ಟ್ ಸಹೋದರರನ್ನು ಕಂಡು, ಅವರೊಡನೆ ಪ್ರಾರ್ಥನೆ ಮಾಡಿ ಬರಲು ಎಂದು ಎಲ್ಲರೂ ಹೇಳುತ್ತಿದ್ದರು. ಪಾದ್ರಿಗಳ ಮಟ್ಟಿಗೆ ಅದು ನಿಜ. ಅಪ್ಪ ಮತ್ತು ನಾನು ಹೊರಟದ್ದು ಅಕ್ಕನನ್ನು ಹೂತ ಜಾಗ ನೋಡಲು.

ಅಪ್ಪ ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮೇಸ್ತ್ರಿ. ಭಾನುವಾರ ಸಭೆಯ ಹಿರಿಯ. ವಾರವೆಲ್ಲ ಹಣ್ಣು ಕೊಯ್ಯುವವರ ಮೇಲೆ ರೇಗುವ ಗಂಟಲಲ್ಲೇ ಭಾನುವಾರ ಪಾಪಿಗಳ ಮೇಲೆ ರೇಗುತ್ತಿದ್ದ. ನಮ್ಮವರಲ್ಲಿ ಎಳೆಮಕ್ಕಳ ತಲೆಗೆ ನೀರು ಹಾಕುವ ಪದ್ಧತಿ ಇಲ್ಲ. ಬುದ್ಧಿ ಬಂದ ಮೇಲೆ ಸಭೆಯ ಎದುರು ನಿಂತು, ನಂಬಿಕೆ ಸ್ವಂತದ್ದೇ ಎಂದು ತೋರುವಂತೆ ಕೇಳಿದ್ದಕ್ಕೆ ಉತ್ತರ ಕೊಟ್ಟು, ಆಮೇಲೆ ಎಸ್ಟೇಟಿನ ಹಳ್ಳದಲ್ಲಿ ಪೂರ್ತಿ ಮುಳುಗಿ ಏಳಬೇಕು. ಅದೇ ದೀಕ್ಷಾಸ್ನಾನ. ಪ್ರಶ್ನೆ ಕೇಳುವ ಕೆಲಸ ಅಪ್ಪನದು. ದೊಡ್ಡವರಾಗಿಯೂ ಮುಳುಗದೆ ಸತ್ತವರಿಗೆ ಸಭೆಯ ಸಮಾಧಿ ನೆಲದಲ್ಲಿ ಜಾಗವಿಲ್ಲ, ಅವರನ್ನು ಬೇಲಿಯ ಹೊರಗೆ ಹೂಳಬೇಕು. ನಮ್ಮ ಲೈನಿನ, ಎಂದರೆ ಕೂಲಿಯವರ ಮನೆಸಾಲಿನ, ಒಬ್ಬ ವಿಧವೆಯ ಬೆಳೆದ ಮಗ ಜ್ವರದಲ್ಲಿ ತೀರಿಕೊಂಡಾಗ ಅವಳು ಅಪ್ಪನ ಕಾಲು ಹಿಡಿದಿದ್ದಳು. ಅಪ್ಪ ಕಾಲು ಬಿಡಿಸಿಕೊಂಡು ಹೊರಗಡೆಯೇ ಗುಂಡಿ ತೋಡಿಸಿದ್ದ.

ಅಕ್ಕ ಸಭೆಯ ಎದುರು ನಿಂತಾಗ ಅಪ್ಪ, “ನಿಂಗೆ ದೀಕ್ಷೆ ಯಾಕೆ ಬೇಕು?” ಎಂದು ಕೇಳಿದ. ಅವಳು, “ಅವ್ವಂಗೆ ಸಂತೋಷ ಆಗ್ತದೆ,” ಅಂದಳು. ಜನ ನಕ್ಕರು. ಅಪ್ಪ ನಗಲಿಲ್ಲ. “ಕಾಯಿ ಇನ್ನೂ ಹಸಿರದೆ. ಮುಂದಿನ ವರ್ಷ ನೋಡಾಣ,” ಎಂದು ಕೂರಿಸಿಬಿಟ್ಟ. ಸ್ವಂತ ಮಗಳೆಂದು ಸಡಿಲ ಬಿಡಲಿಲ್ಲವಲ್ಲ ಎಂದು ಪಾದ್ರಿಗಳು ಮೆಚ್ಚಿಕೊಂಡರು. ನನಗೆ ಈಗಲೂ ಸಿಟ್ಟು ಬರುತ್ತದೆ. ಅವಳು ಆಡಿದ ಮಾತಿನಲ್ಲಿ ತಪ್ಪೇನಿತ್ತು?

ಆ ಮುಂದಿನ ವರ್ಷ ಬರುವ ಮೊದಲೇ ಅವಳ ಮದುವೆಯಾಯಿತು. ನಮ್ಮ ಎಸ್ಟೇಟಿನಲ್ಲೇ ಕೆಲಸಕ್ಕಿದ್ದ ತಮಿಳು ಬ್ಯಾಪ್ಟಿಸ್ಟ್ ಕುಟುಂಬವೊಂದು ಸಿಲೋನಿನ ಟೀ ತೋಟಕ್ಕೆ ಹೊರಟಿತ್ತು, ಅವರ ಮಗನಿಗೇ ಕೊಟ್ಟರು. ಅಲ್ಲಿಯ ಸಭೆಯಲ್ಲಿ ದೀಕ್ಷೆ ಆಗುತ್ತದೆ ಎಂದು ಮಾತಾಗಿತ್ತು. ಆಮೇಲೆ ಬಂದ ಸುದ್ದಿ ಒಂದೇ. ಹೆರಿಗೆಯಲ್ಲಿ ತಾಯಿ ಮಗು ಇಬ್ಬರೂ ಹೋದರು.

ಅವ್ವ ಅತ್ತದ್ದಕ್ಕಿಂತ ಹೆಚ್ಚು ಕೇಳಿದಳು. ಅಲ್ಲಿಂದ ಬಂದವರನ್ನೆಲ್ಲ ಹಿಡಿದು ನಿಲ್ಲಿಸಿ, ನನ್ನ ಮಗಳು ಮುಳುಗಿದ್ದಳೋ ಇಲ್ಲವೋ ಎಂದು ಕೇಳುವಳು. ಯಾರಿಗೂ ಗೊತ್ತಿರಲಿಲ್ಲ. ಪಾದ್ರಿಗಳು ಸಿಲೋನಿನ ಪ್ರಯಾಣದ ಮಾತೆತ್ತಿದಾಗ ಅಪ್ಪನನ್ನು ಹೊರಡಿಸಿದವಳು ಅವ್ವನೇ. ನನಗೆ ಲೈನಿನ ಹೆಂಗಸರ ಜೊತೆ ಕೆಲಸ ಮಾಡಿ ತಮಿಳು ಬರುತ್ತಿತ್ತು, ಹಾಗಾಗಿ ನನ್ನನ್ನೂ ಸೇರಿಸಿದರು. ಹೊರಡುವಾಗ ಅವ್ವ, “ಒಳಗೆ ಮಲಗ್ಸಿದಾರಾ, ಹೊರಗೆ ಮಲಗ್ಸಿದಾರಾ, ಅಷ್ಟು ನೋಡ್ಕಂಡು ಬನ್ನಿ. ಬೇರೆ ಏನೂ ಬ್ಯಾಡ,” ಅಂದಳು.

ಕಡೂರಿಗೆ ಹೋಗಿ ರೈಲು ಹತ್ತಿದೆವು. ಮತ್ತೆ ರೈಲು, ಮತ್ತೆ ರೈಲು. ಹಡಗು ಹತ್ತುವ ಮೊದಲು ಕೂಲಿಯವರನ್ನು ಕೂಡಿಹಾಕಿ ರೋಗವಿದೆಯೇ ಎಂದು ನೋಡುವ ಶಿಬಿರವಿತ್ತು. ನಾವು ಅತಿಥಿಗಳು ಎಂದು ಪಾದ್ರಿಗಳು ಹೇಳಿದರು. ಕಾವಲಿನವನು ನಮ್ಮ ಕಾಲುಗಳನ್ನು ನೋಡಿದ. ಬೂಟು ಹಾಕಿದ್ದ ಪಾದ್ರಿಗಳನ್ನು ಹೊರಗಿನ ಬಂಗಲೆಗೆ ಕಳಿಸಿ, ಬರಿಗಾಲಿನ ನಮ್ಮಿಬ್ಬರನ್ನು ಸಾಲಿನಲ್ಲಿ ನಿಲ್ಲಿಸಿದ. ನಮ್ಮ ಬಟ್ಟೆಗಂಟನ್ನು ಹಬೆಗೆ ಹಾಕಿ ಬೇಯಿಸಿದರು. ದಿನಗಟ್ಟಲೆ ಅಲ್ಲೇ ಕೊಳೆತೆವು. ಪಕ್ಕದ ಚಾಪೆಯ ಹೆಂಗಸು ವಾಂತಿ ಮಾಡಿ ಮಾಡಿ ಸತ್ತಳು. ಅಪ್ಪ ಮಾತ್ರ ದಿನವೂ ಮಂಡಿಯೂರಿ, ಸಹೋದರರ ಬಳಿಗೆ ಕ್ಷೇಮವಾಗಿ ಸೇರಿಸು ಎಂದು ಬೇಡುತ್ತಿದ್ದ.

ಸಹೋದರರು ಚೆನ್ನಾಗಿಯೇ ಬರಮಾಡಿಕೊಂಡರು. ತಮಟೆ ಬಡಿದು, ಹಾರ ಹಾಕಿ, ಟೀ ಗಿಡಗಳ ನಡುವೆ ಹಾಡುತ್ತಾ ಕರೆದೊಯ್ದರು. ಅವರೂ ನಮ್ಮಂತೆಯೇ ಲೈನಿನ ಜನ. ಊಟಕ್ಕೆ ಕೋಳಿ ಕೊಯ್ದರು. ಭಾನುವಾರ ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚಲು ಅಪ್ಪನೇ ಆಗಬೇಕು ಎಂದರು. ಅಕ್ಕನ ವಿಷಯ ಎತ್ತಿದರೆ ಮಾತ್ರ ಇನ್ನೊಂದು ಹಾಡು ಶುರು ಮಾಡುತ್ತಿದ್ದರು. ಭಾವ ಕಣ್ಣಿಗೇ ಬೀಳಲಿಲ್ಲ. ಅವನಿಗೆ ಇನ್ನೊಂದು ಮದುವೆಯಾಗಿತ್ತು.

ಶನಿವಾರ ಅಪ್ಪ ಹಟ ಹಿಡಿದ ಮೇಲೆ ಅಲ್ಲಿಯ ಹಿರಿಯ ನಮ್ಮನ್ನು ಕರೆದುಕೊಂಡು ಹೋದ. ಸಮಾಧಿಗಳ ನೆಲ ಅಚ್ಚುಕಟ್ಟಾಗಿತ್ತು, ಸುತ್ತ ಬೇಲಿ, ಒಳಗೆ ಸುಣ್ಣ ಹೊಡೆದ ಶಿಲುಬೆಗಳು. ಅಪ್ಪ ಬೇಲಿಯ ಬಾಗಿಲಿಗೆ ಕೈ ಹಾಕಿದ. ಆ ಹಿರಿಯ ಒಳಗೆ ಹೋಗದೆ ಬೇಲಿಯ ಗುಂಟ ಇಳಿಜಾರಿಗೆ ನಡೆದ. ಕೆಳಗೆ, ಟೀ ಗಿಡಗಳ ಮಗ್ಗುಲಲ್ಲಿ, ಉಬ್ಬಿದ ಮಣ್ಣೊಂದನ್ನು ತೋರಿಸಿದ. ಶಿಲುಬೆ ಇಲ್ಲ, ಒಂದು ಕಲ್ಲೂ ಇಲ್ಲ, ಹುಲ್ಲು ಬೆಳೆದಿತ್ತು. ಬಸುರಿಯಾಗಿದ್ದರಿಂದ ತಣ್ಣೀರಿಗೆ ಇಳಿಸಲಿಲ್ಲ, ಹೆರಿಗೆಯಾದ ಮೇಲೆ ಆಗಲಿ ಅಂತಿದ್ದೆವು, ಅಷ್ಟರಲ್ಲಿ ಹೀಗಾಯಿತು ಎಂದು ತಮಿಳಿನಲ್ಲಿ ಹೇಳಿದ. ಕಟ್ಟಳೆ ನಿಮಗೂ ಗೊತ್ತಲ್ಲ, ಅಣ್ಣ, ಎಂದ. ಅವನ ಕಣ್ಣಲ್ಲಿ ನೀರಿತ್ತು.

ಅದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಬೇಕಾದವಳು ನಾನು. ಹೇಳಿದೆ. ಒಂದು ಮಾತೂ ಬಿಡದೆ ಹೇಳಿದೆ. ಅಪ್ಪ ಅರಚುತ್ತಾನೆ, ಆ ಮನುಷ್ಯನ ಕುತ್ತಿಗೆಪಟ್ಟಿ ಹಿಡಿಯುತ್ತಾನೆ, ಕಡೆಗೆ ಮಣ್ಣಿನ ಮೇಲೆ ಬಿದ್ದು ಅಳುತ್ತಾನೆ ಎಂದುಕೊಂಡೆ. ಹಾಗೆ ಮಾಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಪ್ಪ ತಲೆಯ ಬಟ್ಟೆ ತೆಗೆದು ಕೈಯಲ್ಲಿ ಹಿಡಿದ.

“ನಮ್ಮಲ್ಲೂ ಹಿಂಗೇ ಅಂತ ಹೇಳು. ನಾನಾಗಿದ್ರೂ ಇದನ್ನೇ ಮಾಡ್ತಿದ್ದೆ ಅನ್ನು,” ಅಂದ.

“ಹೇಳು ಮಗಾ,” ಎಂದು ಮತ್ತೆ ಅಂದ. ತಮಿಳಿನಲ್ಲಿ ಹೇಳಿದೆ. ಹಿರಿಯ ಅಪ್ಪನನ್ನು ತಬ್ಬಿಕೊಂಡ. ಮರುದಿನ ಅಪ್ಪ ಅವರ ಸಭೆಯಲ್ಲಿ ರೊಟ್ಟಿ ಮುರಿದು ಹಂಚಿದ. ಪಾದ್ರಿಗಳು ಬರುವ ದಾರಿಯುದ್ದಕ್ಕೂ ಅಪ್ಪನ ನಂಬಿಕೆಯನ್ನು ಹೊಗಳಿದರು. ಆ ಬೂಟುಗಾಲಿನ ಮನುಷ್ಯನನ್ನು ಹಡಗಿನಿಂದ ತಳ್ಳಿಬಿಡಬೇಕು ಎನ್ನಿಸಿತ್ತು.

ಮನೆಗೆ ಬಂದಾಗ ಅವ್ವ ಕಾಲಿಗೆ ನೀರು ಕೊಟ್ಟಳು. ನಾವು ಕೂತೆವು.

“ಒಳಗಾ?” ಎಂದಳು.

“ಇಲ್ಲ. ಹೊರಗೆ,” ಅಂದ ಅಪ್ಪ.

ಅವ್ವ ಒಲೆಯ ಸೌದೆ ಮುಂದಕ್ಕೆ ತಳ್ಳಿದಳು. ಆಮೇಲೆ, “ನೀವೇನಂದ್ರಿ ಅವ್ರಿಗೆ?” ಎಂದು ಕೇಳಿದಳು.

ಅಪ್ಪ ಸುಳ್ಳು ಹೇಳುವವನಲ್ಲ. ಆ ಒಂದು ದಿನ ಹೇಳಿದ್ದರೆ ಏನು ಹೋಗುತ್ತಿತ್ತೋ. “ಸರಿಯಾಗೇ ಮಾಡಿದೀರಿ ಅಂದೆ,” ಎಂದ.

ಅವ್ವ ಅಳಲಿಲ್ಲ, ಬೈಯಲಿಲ್ಲ, ಅನ್ನ ಬಡಿಸಿದಳು. ಮುಂದಿನ ಭಾನುವಾರ ಸಭೆಗೆ ಬರಲಿಲ್ಲ, ಅದರ ಮುಂದಿನ ಭಾನುವಾರವೂ ಇಲ್ಲ. ಮನೆಯ ಮುಂದೆ ಕೂತು ಸೊಪ್ಪು ಸೋಸುತ್ತಿದ್ದಳು. ಪಾದ್ರಿಗಳು ಬಂದು ತಿಳಿಹೇಳಿದರು, ಅವ್ವ ಅವರಿಗೆ ಕಾಫಿ ಕೊಟ್ಟು ಕಳಿಸಿದಳು. ಕಾರಣವಿಲ್ಲದೆ ಸಭೆಗೆ ಬಾರದವರನ್ನು ಸಭೆಯಿಂದ ತೆಗೆಯುವುದು ನಮ್ಮ ಇನ್ನೊಂದು ಕಟ್ಟಳೆ. ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಅಪ್ಪ ಎಲ್ಲರೆದುರು ಎದ್ದು ನಿಂತು, ತನ್ನ ಹೆಂಡತಿ ಇನ್ನು ಸಭೆಯವಳಲ್ಲ ಎಂದು ತಾನೇ ಸಾರಿದ. ಸದಾ ರೇಗುವ ಆ ಗಂಟಲು ಅಂದು ಹಿಂದಿನ ಸಾಲಿಗೆ ಕೇಳಿಸಲಿಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಿದ. ಅವಳು ಸೊಪ್ಪಿನ ಮೊರ ಪಕ್ಕಕ್ಕಿಟ್ಟಳು.

“ಹಂಗಾರೆ ನನ್ನೂ ಬೇಲಿ ಹೊರಗೇ ಹೂಳ್ಬೇಕಾಗ್ತದೆ, ಅಲ್ಲೇನ್ರಿ?”

ಅಪ್ಪ ಹೌದು ಅಂದ.

“ಆಯ್ತು,” ಅಂದಳು ಅವ್ವ. ಸಿಲೋನಿನಿಂದ ನಾವು ಬಂದ ಮೇಲೆ ಅವಳ ಮುಖ ಅಷ್ಟು ಸಮಾಧಾನವಾಗಿದ್ದುದನ್ನು ನಾನು ಕಂಡದ್ದು ಅದೇ ಮೊದಲು.