ದಕ್ಷಿಣಕ್ಕೆ ಸಹಿಯಿಲ್ಲದ ಲೋಕ

ಸಿಟ್ಟು ಬಂದಾಗ ಕೊಟ್ರೇಶ್ ಕೂಗುವುದಿಲ್ಲ, ಹೆಜ್ಜೆ ಎಣಿಸುತ್ತಾನೆ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳ ಹೊಲಗದ್ದೆಗಳನ್ನು ಹದಿನೈದು ವರ್ಷ ಅಳೆದ ಪರವಾನಗಿ ಭೂಮಾಪಕನಿಗೆ ಅದು ಅಂಟಿಕೊಂಡ ಅಭ್ಯಾಸ. ಆ ಮಂಗಳವಾರ ಶಿರಾಳಕೊಪ್ಪದ ಬಸ್ ನಿಲ್ದಾಣದಿಂದ ರೇಣುಕಾಪ್ರಸಾದನ ಕಚೇರಿಗೆ ನಾನೂರ ಹನ್ನೆರಡು ಹೆಜ್ಜೆ ಆಯಿತು. ಬೇರೆ ದಿನಗಳಲ್ಲಿ ನಾನೂರ ಅರವತ್ತು ಆಗುತ್ತಿತ್ತು. ಸಿಟ್ಟು ಹೆಜ್ಜೆಯನ್ನು ಉದ್ದ ಮಾಡುತ್ತದೆ ಎಂಬುದನ್ನು ಗಮನಿಸಿದ. ಗಮನಿಸಿ ಇನ್ನಷ್ಟು ಸಿಟ್ಟಾದ.

ಹಿಂದಿನ ದಿನ ಅಕ್ಕನ ಮಗಳು ಚೈತ್ರಶ್ರೀ ಅವನ ಮೊಬೈಲಿಗೆ ಒಂದು ಚಿತ್ರ ಕಳಿಸಿದ್ದಳು. ಗೂನು ಬೆನ್ನಿನ ಮುದುಕಿ, ಕೆಂಡದಂಥ ಕಣ್ಣು, ಕೈಯಲ್ಲಿ ಕೋಲು, ಹಿಂದೆ ಕೋರೆಹಲ್ಲಿನ ನಾಲ್ಕು ಕುರಿ. ಕೆಳಗೆ ಬರೆದಿತ್ತು: 'ದಾರಿಗಳ್ಳಿ. ಕೊಂದರೆ ನಲವತ್ತು ಅಂಕ.'

ಆ ಮುದುಕಿಯನ್ನು ಕಥೆಗೆ ತಂದವನು ಕೊಟ್ರೇಶ್. ಅವನು ತಂದಾಗ ಅವಳು ಕಳ್ಳಿಯಾಗಿರಲಿಲ್ಲ.

ಭೂಮಾಪಕನ ಕೆಲಸದಲ್ಲಿ ಅಳತೆಗಿಂತ ಕಾಯುವುದೇ ಹೆಚ್ಚು. ಅಳೆಯಬೇಕಾದ ಜಮೀನಿನ ಸುತ್ತಲಿನ ಹಿಡುವಳಿದಾರರಿಗೆ, ಅಂದರೆ ಬಾಜುದಾರರಿಗೆ, ಮುಂಚಿತವಾಗಿ ನೋಟಿಸು ಹೋಗಬೇಕು. ಅವರು ಸ್ಥಳಕ್ಕೆ ಬಂದು, ಕಲ್ಲು ನೆಟ್ಟದ್ದನ್ನು ನೋಡಿ ಸಹಿ ಹಾಕಬೇಕು. ಒಬ್ಬ ಬಂದಿರುತ್ತಾನೆ. ಇನ್ನೊಬ್ಬ ಅಂಜನಾಪುರದ ಕಾಲುವೆಗೆ ನೀರು ಬಿಟ್ಟರೆಂದು ಗದ್ದೆಗೆ ಓಡಿರುತ್ತಾನೆ. ಮೂರನೆಯವನಿಗೆ ಎರಡನೆಯವನ ಮುಖ ಕಂಡರಾಗುವುದಿಲ್ಲ. ಹೀಗೆ ಮರಗಳ ಬುಡದಲ್ಲಿ ಕಾಯುತ್ತ ಕೂತೇ ಕೊಟ್ರೇಶ್ ನಲವತ್ತು ದಾಟಿದ ಮೇಲೆ ಮೊಬೈಲ್ ಆಟಗಳನ್ನು ಕಲಿತದ್ದು. ಗುಂಡು ಹಾರಿಸುವುದರಲ್ಲಿ ಅವನಿಗೆ ಆಸಕ್ತಿಯಿರಲಿಲ್ಲ. ಆಕಾಶನೌಕೆಗಳೂ ಮಂತ್ರದ ಯಂತ್ರಗಳೂ ಇರುವ ಆಟಗಳಲ್ಲಿ ಆ ಲೋಕಗಳು ಹುಟ್ಟಿದ ಕಥೆಯನ್ನು ಬರೆದಿರುತ್ತಾರೆ; ಅದನ್ನು ಓದುತ್ತಿದ್ದ. ಓದಿ ಬೇಸರಪಡುತ್ತಿದ್ದ. ಎಲ್ಲದರಲ್ಲೂ ಒಬ್ಬ ಮಹಾಪ್ರಭು ಕೈಯೆತ್ತುತ್ತಾನೆ, ಅವನಿಗೊಂದು ಸ್ವಂತ ಲೋಕ ತಯಾರಾಗುತ್ತದೆ. ಜಾಗ ಯಾರದು ಎಂದು ಒಂದರಲ್ಲೂ ಇರುತ್ತಿರಲಿಲ್ಲ.

ಚೈತ್ರಶ್ರೀ ಇಂಥ ಆಟ ಕಟ್ಟುವ ಕೆಲಸದಲ್ಲೇ ಇದ್ದಳು. ರೇಣುಕಾಪ್ರಸಾದ್ ಎಂಬ ವ್ಯಾಪಾರಸ್ಥರ ಮನೆಯ ಮಗ ತನ್ನ ತಂದೆಯ ಗೊಬ್ಬರದಂಗಡಿಯ ಮಹಡಿಯಲ್ಲಿ 'ಏಳು ಮಂಡಲ' ಎಂಬ ಕನ್ನಡದ ಆಟವೊಂದನ್ನು ಕಟ್ಟಿಸುತ್ತಿದ್ದ. ಅದಕ್ಕೆ ಅವಳು ಚಿತ್ರ ಬರೆಯುತ್ತಿದ್ದಳು. ಮಾವನ ಗೊಣಗಾಟ ಕೇಳಿ ಕೇಳಿ ಒಂದು ದಿನ ಅಂದಳು:

"ಮಾವ, ಹಂಗಾರೆ ನೀನೇ ಬರಿ. ನಮ್ ರಾಜಂಗೂ ಒಂದ್ ಲೋಕ ಐತೆ. ಅದು ಹೆಂಗಾತು ಅಂತ ನಮಗ್ಯಾರಿಗೂ ಗೊತ್ತಿಲ್ಲ."

ಕೊಟ್ರೇಶ್ ಮೂರು ತಿಂಗಳು ಕೂತು ಹದಿನೆಂಟು ಪುಟ ಬರೆದ.

ಅವನ ಕಥೆಯಲ್ಲಿ ಮೇರುಧ್ವಜ ಏಳು ಮಂಡಲಗಳ ಒಡೆಯ. ನಕ್ಷತ್ರದಿಂದ ನಕ್ಷತ್ರಕ್ಕೆ ಅವನ ನೌಕೆಗಳು ಓಡಾಡುತ್ತವೆ. ಆದರೆ ಎಲ್ಲಿ ಇಳಿದರೂ ಯಾರೋ ಒಬ್ಬರು ಅರ್ಜಿ ಹಿಡಿದು ನಿಂತಿರುತ್ತಾರೆ. ಯಾರೂ ಬರಲಾಗದ, ಗಾಳಿಯೂ ತನ್ನನ್ನು ಕೇಳಿ ಬೀಸುವ ಒಂದು ಲೋಕ ಬೇಕೆಂದು ಅವನಿಗೆ ಆಸೆಯಾಗುತ್ತದೆ. ಶೂನ್ಯದಲ್ಲಿ ಕಟ್ಟೋಣವೆಂದರೆ ಶೂನ್ಯಕ್ಕೆ ಹಿಡಿತವಿಲ್ಲ. ಮಣ್ಣಿನಿಂದ ಕಟ್ಟೋಣವೆಂದರೆ ಪ್ರತಿ ಹಿಡಿ ಮಣ್ಣಿಗೂ ಒಬ್ಬ ಒಡೆಯನಿದ್ದಾನೆ, ಕಿತ್ತುಕೊಂಡರೆ ದಂಗೆಯೇಳುತ್ತಾನೆ. ಆಗ ಆಸ್ಥಾನದ ಅಳತೆಗಾರ ಬೆಳಕಿನ ಸರಪಳಿ ಹಿಡಿದು ಏಳೂ ಮಂಡಲಗಳನ್ನು ಅಳೆದು ಬಂದು ಹೇಳುತ್ತಾನೆ: ಪ್ರಭೂ, ಹೊಲ ಹೊಲಗಳ ನಡುವೆ ಸಾಗುವಳಿಗೆ ಸೇರದ, ಖರಾಬು ಎಂದು ಬರೆದ ನೆಲದ ಪಟ್ಟಿಗಳಿವೆ. ಬಂಡಿದಾರಿ, ಹಳ್ಳದ ದಂಡೆ, ಸ್ಮಶಾನ, ದಾರಿಹೋಕರು ಕೂರುವ ಮರದ ನೆರಳು. ಎಲ್ಲರೂ ಬಳಸುತ್ತಾರೆ, ಯಾರ ಹೆಸರಿಗೂ ಇಲ್ಲ.

ಒಂದೇ ರಾತ್ರಿಯಲ್ಲಿ ಸರಪಳಿ ಅವನ್ನೆಲ್ಲ ಕತ್ತರಿಸಿ ಮೇಲಕ್ಕೆತ್ತುತ್ತದೆ. ಕತ್ತರಿಸಿದ ಅಂಚುಗಳು ಗಾಯ ಕೂಡಿದಂತೆ ಕೂಡಿಕೊಳ್ಳುತ್ತವೆ. ಬೆಳಿಗ್ಗೆ ಯಾರ ಜಮೀನೂ ಒಂದು ಗುಂಟೆ ಕಡಿಮೆಯಾಗಿರುವುದಿಲ್ಲ. ಆದ್ದರಿಂದ ಯಾರೂ ದೂರುವುದಿಲ್ಲ. ಆದರೆ ಮದುವೆಗೆ ಹೊರಟ ಹೆಣ್ಣಿಗೆ ಪಕ್ಕದೂರು ಸಿಗುವುದಿಲ್ಲ. ಸತ್ತವರು ಅಂಗಳದಲ್ಲೇ ಉಳಿಯುತ್ತಾರೆ. ಅತ್ತ ಕತ್ತಲಲ್ಲಿ ಪಟ್ಟಿಗೆ ಪಟ್ಟಿ ಹೊಲಿದು ಮೇರುಧ್ವಜನ ಲೋಕ ಸಿದ್ಧವಾಗುತ್ತದೆ: ಬರೀ ದಾರಿಗಳಿಂದಾದ, ಎಲ್ಲಿಗೂ ಹೋಗದ ಲೋಕ. ಅದರ ನಾಲ್ಕು ಎಲ್ಲೆಗಳ ಚಕ್ಕುಬಂದಿ ಬರೆಯುವಾಗ ಪೂರ್ವಕ್ಕೆ ಮೇರುಧ್ವಜ, ಪಶ್ಚಿಮಕ್ಕೆ ಮೇರುಧ್ವಜ, ಉತ್ತರಕ್ಕೆ ಮೇರುಧ್ವಜ. ದಕ್ಷಿಣ ಮಾತ್ರ ಖಾಲಿ. ಏಕೆಂದರೆ ಕೊನೆಯ ಪಟ್ಟಿ ಕತ್ತರಿಸುವಾಗ ದಕ್ಷಿಣದ ತುದಿಯಲ್ಲಿ ಒಬ್ಬ ಕುರಿಯಾಕೆ ನಿಂತಿದ್ದಳು. ಅವಳಿಗೆ ಹೊಲವಿಲ್ಲ, ಬರೀ ಕುರಿ ಇದೆ ಎಂದು ಅಳತೆಗಾರ ಅವಳ ಸಹಿ ಕೇಳಲಿಲ್ಲ. ಸಹಿಯಿಲ್ಲದ ದಿಕ್ಕಿಗೆ ಗೋಡೆ ಏಳಲಿಲ್ಲ. ಆಟ ಆಡುವವರು ಆ ಲೋಕದ ಒಳಹೊಕ್ಕು ದಾರಿಗಳನ್ನು ಬಿಡಿಸಿ ತರಬೇಕಾದರೆ ಅಲ್ಲಿಂದಲೇ, ಅವಳನ್ನು ಕೇಳಿಕೊಂಡೇ ಹೋಗಬೇಕು.

ಬರೆದದ್ದನ್ನು ಮೊದಲು ಓದಿದವಳು ಹೆಂಡತಿ ವಾಣಿಶ್ರೀ. ಪ್ರಾಥಮಿಕ ಶಾಲೆಯ ಶಿಕ್ಷಕಿ. ಪೆನ್ನು ಹಿಡಿಯದೆ ಓದಿ ಗೊತ್ತಿಲ್ಲ.

"ಚಲೋ ಐತೆ. ರಾಜಗೆ ಹೆಸರೈತೆ, ಅವನ ಕುದುರೆಗೂ ಹೆಸರೈತೆ. ಅಳತೆಗಾರಗೆ ಯಾಕ್ರೀ ಹೆಸರಿಲ್ಲ?"

"ಸಣ್ಣ ಪಾತ್ರ ಅದು," ಎಂದ ಕೊಟ್ರೇಶ್.

ಸಣ್ಣ ಪಾತ್ರವಾಗಿರಲಿಲ್ಲ. ಹದಿನಾಲ್ಕು ವರ್ಷಗಳ ಹಿಂದೆ, ಪರವಾನಗಿ ಬಂದ ಹೊಸತರಲ್ಲಿ, ಗುಡವಿಯ ಆಚೆ ಒಂದು ಊರಿನಲ್ಲಿ ಅವನು ಮಹೇಶ್ವರಪ್ಪ ಎಂಬ ದೊಡ್ಡ ಹಿಡುವಳಿದಾರರ ಜಮೀನು ಅಳೆದಿದ್ದ. ಹಳೆಯ ಟಿಪ್ಪಣಿ ನಕ್ಷೆಯಲ್ಲಿ ಆ ಜಮೀನಿನ ನಡುವೆ ಜೋಡಿ ಚುಕ್ಕೆಗೆರೆ ಇತ್ತು: ಕೆರೆಯ ಕಡೆ ಹೋಗುವ ಬಂಡಿದಾರಿ. ಸ್ಥಳದಲ್ಲಿ ಅದನ್ನು ಆಗಲೇ ಉತ್ತು ಮಟ್ಟ ಮಾಡಿದ್ದರು. ಬಾಜುದಾರರು ಮೂವರೂ ತಕರಾರಿಲ್ಲವೆಂದರು. ಅವರಿಗೂ ಒಂದೊಂದು ತುಂಡು ದಾರಿ ದಕ್ಕಿತ್ತು. ವರದಮ್ಮ ಎಂಬ ಕುರಿ ಕಾಯುವ ಹೆಂಗಸೊಬ್ಬಳು ಮಾತ್ರ ಮುಂದೆ ಬಂದು, ನಾನು ಹೆಂಗೆ ಹೋಗಲಿ ಎಂದು ಕೇಳಿದ್ದಳು. ಮಹೇಶ್ವರಪ್ಪನವರ ಮನೆಯಲ್ಲಿ ಊಟವಾಗಿತ್ತು. ಇನ್ನು ಮುಂದೆ ಊರಿನ ಅಳತೆಯೆಲ್ಲ ನಿಮಗೇ ಎಂಬ ಮಾತೂ ಆಗಿತ್ತು. ಕೊಟ್ರೇಶ್ ಆಕೆಗೆ ಹೇಳಿದ್ದ: "ನೀವು ಬಾಜುದಾರರಲ್ಲ. ನಿಮ್ಮ ಒಪ್ಪಿಗೆ ಬೇಕಿಲ್ಲ." ಹೊಸ ನಕ್ಷೆಯಲ್ಲಿ ಚುಕ್ಕೆಗೆರೆ ಬರಲಿಲ್ಲ. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಹದಿನೆಂಟು ಪುಟಗಳಲ್ಲಿ ಮೊದಲ ಸಲ ಹೇಳಿದ್ದ. ಅದೂ ಹೆಸರು ಮರೆಸಿ.

ಈಗ ಅದಕ್ಕೆ ನಲವತ್ತು ಅಂಕ ಕಟ್ಟಿದ್ದರು.

ರೇಣುಕಾಪ್ರಸಾದ್ ನಗುತ್ತ ಕುರ್ಚಿ ಎಳೆದ. "ಬರ್ರಿ ಕೊಟ್ರೇಶಣ್ಣ, ಕೂಡ್ರಿ. ಚಾ ತರಿಸ್ಲಾ?"

"ಬ್ಯಾಡ. ನನ್ನ ಅಧ್ಯಾಯ ತಿದ್ದಿದ್ದು ಯಾರು?"

"ನಾನೇ ರೀ. ಸ್ವಲ್ಪ ಪಾಲಿಶ್ ಹಾಕ್ದೆ. ನಿಮ್ಮ ರಾಜ ತಾಲ್ಲೂಕ್ ಆಫೀಸಿನ ಗುಮಾಸ್ತ ಇದ್ದಂಗಿದ್ದ. ಆಡೋರು ರಾಜ ಆಗಾಕ ದುಡ್ಡು ಕೊಡ್ತಾರೆ, ಪಹಣಿ ಓದಾಕಲ್ಲ."

ಪಾಲಿಶ್ ಆದ ಕಥೆಯಲ್ಲಿ ಮೇರುಧ್ವಜನ ರಾಣಿ ತೀರಿಕೊಂಡಿದ್ದಳು. ಅವನ ಒಂದು ಹನಿ ಕಣ್ಣೀರು ಶೂನ್ಯದಲ್ಲಿ ಬಿದ್ದು, ಅರಳಿ, ಚಿನ್ನದ ಗೋಡೆಯ ಲೋಕವಾಗಿತ್ತು. ನಾಲ್ಕು ದಿಕ್ಕಿಗೂ ಗೋಡೆ. ದಕ್ಷಿಣದಿಂದ ಕಳ್ಳರು ನುಗ್ಗುತ್ತಿದ್ದರು. ಆಡುವವನು ರಾಜನಾಗಿ ಅವರನ್ನು ಕೊಲ್ಲಬೇಕಿತ್ತು.

"ಖರಾಬು ಎಲ್ಲಿ ಹೋತು?"

"ತೆಗ್ದೆ. ಆ ಶಬ್ದ ಕೇಳಿದ್ರೇ ನಮ್ಮಪ್ಪಂಗೆ ಬಿ.ಪಿ. ಏರ್ತೈತಿ."

"ಕುರಿಯಾಕೆ?"

"ಆಕೆ ಇದಾಳಲ್ರೀ. ನಿಮ್ಮ ಕಥೇಲಿ ಸುಮ್ನೆ ನಿಂತಿದ್ಲು, ನಾವು ಕೆಲಸ ಕೊಟ್ಟೀವಿ."

"ಆಕೆ ಕಳ್ಳಿ ಅಲ್ಲ, ರೇಣುಕಾಪ್ರಸಾದ್. ಆ ದಾರಿ ಆಕೇದೂ ಹೌದು."

"ಹಂಗಂತ ಎಲ್ಲಿ ಬರ್ದೈತಿ? ಆ ಲೋಕದಾಗ ಆಕೆ ಹೆಸರಿಗೆ ಏನೈತ್ರಿ? ಆಕೆ ಒಪ್ಪಿಗೆ ಯಾಕ್ ಬೇಕು?"

ಕೊಟ್ರೇಶ್‌ಗೆ ಆ ಮಾತಿನ ಗುರುತು ಸಿಕ್ಕಿತು. ಹದಿನಾಲ್ಕು ವರ್ಷದ ಹಿಂದೆ, ಮಧ್ಯಾಹ್ನದ ಬಿಸಿಲಲ್ಲಿ, ಇಷ್ಟೇ ಸಮಾಧಾನದಿಂದ ತಾನು ಆಡಿದ ಮಾತು. ಎದುರಿನವನಿಗೆ ಬೈಯಲು ಬಾಯಿ ತೆರೆದವನು ಒಂದು ಕ್ಷಣ ಯಾರಿಗೆ ಬೈಯಬೇಕೆಂದು ತಿಳಿಯದೆ ನಿಂತ. ಆಮೇಲೆ ಹೇಳಿದ:

"ಕಥೆ ಕೊಡೋ ಒಪ್ಪಿಗೆ ಪತ್ರಕ್ಕೆ ನಾನಿನ್ನೂ ಸಹಿ ಹಾಕಿಲ್ಲ. ನನ್ನ ಅಧ್ಯಾಯ ವಾಪಸ್ ಕೊಡು."

ರೇಣುಕಾಪ್ರಸಾದ್ ಯೋಚಿಸಿದ. ಅವನ ದನಿಯಲ್ಲಿ ಕೆಡುಕಿರಲಿಲ್ಲ. ಲೆಕ್ಕ ಒಪ್ಪಿಸುವವನ ದನಿ. "ನಿಮ್ಮದು ಅಂತ ಈಗ ಅದ್ರಾಗ ಏನೂ ಉಳಿದಿಲ್ಲಲ್ರೀ ಅಣ್ಣ. ರಾಜನ ಹೆಸರೊಂದು ಐತಿ. ಬೇಕಾದ್ರೆ ಬದಲಿಸ್ತೀನಿ."

ಕೊಟ್ರೇಶ್ ಹೊರಟುಬಿಟ್ಟ. ಮೆಟ್ಟಿಲ ಮೇಲೆ ಚೈತ್ರಶ್ರೀ ಹಿಂದೆಯೇ ಓಡಿ ಬಂದಳು.

"ಮಾವ, ಆ ಮುಖ ನಾನೇ ಬರ್ದಿದ್ದು. ಹಂಗೇ ಬೇಕಂದ್ರು, ಬರ್ದೆ. ಬೈಯೋದಾದ್ರೆ ಬೈ."

"ನಿನ್ನ ಬೈದು ಏನ್ ಮಾಡ್ಲಿ. ಆಕೆ ಮುಖ ಹಂಗಿರ್ಲಿಲ್ಲ."

"ಅಂದ್ರೆ ಆಕೆ ಇದಾಳಾ?"

ಗೊಬ್ಬರದ ಚೀಲಗಳ ಘಾಟಿನಲ್ಲಿ, ಮೆಟ್ಟಿಲ ಮೇಲೆ ನಿಂತೇ ಎಲ್ಲ ಹೇಳಿದ. ಚೈತ್ರಶ್ರೀ ಸಮಾಧಾನದ ಮಾತೊಂದನ್ನೂ ಆಡಲಿಲ್ಲ. "ಮತ್ತೆ ಇಷ್ಟು ವರ್ಷ ಏನ್ ಮಾಡ್ತಿದ್ದೆ?" ಎಂದು ಕೇಳಿ ಮೇಲೆ ಹೋದಳು.

ಮರುದಿನ ಬೆಳಿಗ್ಗೆ ಕೊಟ್ರೇಶ್ ಹಳೆಯ ಟಿಪ್ಪಣಿ ನಕ್ಷೆಯ ನಕಲು ತೆಗೆದುಕೊಂಡು ಬೈಕಿನಲ್ಲಿ ಗುಡವಿ ದಾಟಿ ಹೋದ. ಅಳಿಸಿಹೋದ ದಾರಿಯನ್ನು ಮತ್ತೆ ಅಳೆಯಬೇಕೆಂಬ ಅರ್ಜಿಯನ್ನು ವರದಮ್ಮನ ಹೆಸರಿನಲ್ಲೇ ಬರೆದಿಟ್ಟುಕೊಂಡಿದ್ದ. ಅವಳು ಮನೆಯ ಮುಂದೆ ಗೋವಿನಜೋಳದ ತೆನೆಯಿಂದ ಕಾಳು ಬಿಡಿಸುತ್ತಿದ್ದಳು. ಗೂನಿರಲಿಲ್ಲ.

"ಗುರುತು ಸಿಕ್ತೇನಮ್ಮ?"

"ಸಿಗದೆ ಎಂತ. ಕಲ್ಲು ಹುಗಿಸಿದ ಸಾಹೇಬ್ರು."

"ಕುರಿ ಎಲ್ಲಿ?"

"ಮಾರಿ ಹನ್ನೆರಡು ವರ್ಷ ಆತು. ಬೇಲಿ ಸುತ್ತಿ ಕೆರೆ ಕಡೆ ಹೋಗೂದಂದ್ರೆ ಮೂರು ಮೈಲಿ. ಮರಿಗಳು ನಡೀತಾವಾ? ನೀವೇ ಹೇಳಿ, ಅಳೆಯೋರು."

ಕೊಟ್ರೇಶ್ ಅರ್ಜಿ ಓದಿ ಹೇಳಿದ. ಅವಳು ಕಾಳು ಬಿಡಿಸುವುದನ್ನು ನಿಲ್ಲಿಸದೆ ಕೇಳಿದಳು.

"ಅವತ್ತು ನನ್ನ ಒಪ್ಪಿಗೆ ಬೇಡ ಅಂದ್ರಿ."

"ಅಂದೆ."

"ಇವತ್ತು ಎಂತಕ್ಕೆ ಬೇಕಾತು? ನಾ ಹಾಕೂದಿಲ್ಲ. ನೀವು ಸಂಜೆಗೆ ಶಿಕಾರಿಪುರಕ್ಕೆ ಹೋಗ್ತೀರಿ. ನಾನು ಮಹೇಶ್ವರಪ್ಪನ ಊರಲ್ಲೇ ಇರೂದು." ತೆನೆಯೊಂದನ್ನು ಬುಟ್ಟಿಗೆ ಎಸೆದಳು. "ಕಲ್ಲು ಹುಗಿಸಿದ್ದು ಯಾರು?"

"ನಾನು."

"ಹಂಗಾರೆ ನಿಮ್ಮ ಹೆಸರು ಬರೀರಿ. ನನ್ನ ಹೆಸರು ಎಂತಕ್ಕೆ?"

ಅವನಿಗೆ ಅವಳ ಮೇಲೂ ಸಿಟ್ಟು ಬಂತು. ಕ್ಷಮಿಸಿಬಿಡುವಳೆಂದುಕೊಂಡು ಬಂದಿದ್ದೆ ಎಂಬುದು ಆ ಸಿಟ್ಟಿನಿಂದಲೇ ತಿಳಿಯಿತು. ನಕಲನ್ನು ಮಡಚಲು ಹೋದಾಗ ಅವಳು ಕತ್ತು ಚಾಚಿ ನೋಡಿ, ಕೆರೆ ಯಾವ ಕಡೆ ಎಂದು ಕೇಳಿದಳು. ತೋರಿಸಿದ. ಅವಳು ಜೋಳದ ಧೂಳಿನ ಬೆರಳನ್ನು ಚುಕ್ಕೆಗೆರೆಯ ಮೇಲಿಟ್ಟಳು.

"ಇಲ್ಲಿ ಹೊಂಗೆಮರ ಇತ್ತು. ಅದನ್ನ ಕಡಿದ್ರು. ಅದನ್ನೂ ಬರೀರಿ."

ಊರ ಹೊರಗೆ ತಂತಿಬೇಲಿಯ ಪಕ್ಕ ಬೈಕ್ ನಿಲ್ಲಿಸಿ, ಸೀಟಿನ ಮೇಲೆ ಹೊಸ ಹಾಳೆ ಇಟ್ಟು ಕೊಟ್ರೇಶ್ ಬರೆದ. ಸರ್ವೆ ನಂಬರು ಬರೆದ, ಅಳತೆಯ ತಾರೀಖು ಬರೆದ, ಹೊಂಗೆಮರವನ್ನೂ ಬರೆದ. 'ಸದರಿ ನಕ್ಷೆಯಲ್ಲಿ ಬಂಡಿದಾರಿಯನ್ನು ಕಣ್ತಪ್ಪಿನಿಂದ ಬಿಟ್ಟಿರುತ್ತೇನೆ' ಎಂದು ಬರೆದು ನಿಲ್ಲಿಸಿದ. ಕಣ್ತಪ್ಪು ಎಂದರೆ ಒಂದು ನೋಟಿಸಿನಲ್ಲಿ ಮುಗಿಯುತ್ತದೆ, ಪರವಾನಗಿ ಉಳಿಯುತ್ತದೆ. ಬೇಲಿಯಾಚೆ ಯಾರೋ ಮೋಟಾರು ಹಾಕಿದರು, ಪೈಪಿನಲ್ಲಿ ನೀರು ಉಕ್ಕಿತು. ಅವನು 'ಕಣ್ತಪ್ಪಿನಿಂದ' ಎಂಬುದನ್ನು ಪೆನ್ನು ಒತ್ತಿ ಹೊಡೆದುಹಾಕಿ ಮೇಲೆ 'ಗೊತ್ತಿದ್ದೂ' ಎಂದು ಬರೆದ. ಕೆಳಗೆ ಪೂರ್ತಿ ಹೆಸರು, ಪರವಾನಗಿ ಸಂಖ್ಯೆ, ಸಹಿ.

ಸೊರಬದಲ್ಲಿ ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಹಿಂದಿದ್ದಾತ ಹಾಳೆಯನ್ನು ತಿರುಗಿಸಿ ನೋಡಿದ.

"ನಿಮ್ಮ ಜಮೀನಾ ಇದು?"

"ಅಲ್ಲ."

"ಬಾಜುದಾರರಾ?"

"ಅಲ್ಲ."

"ಮತ್ತೆ ನಿಮಗೆಂತ ಸಂಬಂಧ ಇದ್ರಲ್ಲಿ? ಸಂಬಂಧ ಇಲ್ದೋರ ಅರ್ಜಿ ತಗಳೂದಿಲ್ಲ."

"ಅಳೆದವನು ನಾನು," ಎಂದ ಕೊಟ್ರೇಶ್. "ಕೊನೇ ಸಾಲು ಓದ್ರಿ."

ಆತ ಓದಿದ. ಓದಿ, ಹೊಡೆದುಹಾಕಿದ ಪದವನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದ. "ಇದನ್ನ ಕೊಟ್ರೆ ಎಂತ ಆಗ್ತದೆ ಅಂತ ಗೊತ್ತಲ್ಲ ಸಾರ್?"

"ಗೊತ್ತು. ಸ್ವೀಕೃತಿ ಕೊಡ್ರಿ."

ಹಿಂದೆ ನಿಂತವರು ಗೊಣಗಿದರು. ಆತ ಮೊಹರನ್ನು ಹುಡುಕಿ ಒತ್ತುವವರೆಗೂ ಕೊಟ್ರೇಶ್ ಕಿಟಕಿ ಬಿಟ್ಟು ಕದಲಲಿಲ್ಲ.